ದಿನಕ್ಕೆ ನಾಲ್ಕು ಜಡೆ

ತಾಯಿ ಸತ್ತ ಮೇಲೆ ತಂದೆ ಚಿಕ್ಕಪ್ಪ ಅಂತ ಒಂದು ಗಾದೆ ಇದೆ. ಅದನ್ನು ಕಟ್ಟಿದ ಮಹಾನುಭಾವ ಕೈಗೆ ಸಿಕ್ಕಿದ್ದರೆ ನನ್ನ ಲಾರಿಯ ಈರುಳ್ಳಿ ಮೂಟೆಗಳ ಮೇಲೆ ಕೂರಿಸಿ, ಘಾಟಿ ಇಳಿಸಿ, ಕೇರಳದಲ್ಲಿ ಬಿಟ್ಟು ಬರುತ್ತಿದ್ದೆ. ನನ್ನ ಹೆಂಡತಿ ತೀರಿಕೊಂಡ ವರ್ಷ ಆ ಗಾದೆಯನ್ನು ನನ್ನ ಮುಖಕ್ಕೆ ಹೇಳದ ನೆಂಟರೇ ಇರಲಿಲ್ಲ. ಹೇಳಿ, ಉಸ್ಸಪ್ಪಾ ಅಂತ ಉಸಿರು ಬಿಟ್ಟು, ಆಮೇಲೆ ಇನ್ನೊಂದು ಲೋಟ ಕಾಫಿ ಕೇಳುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿತ್ತು. ನಾನು ಗುಂಡ್ಲುಪೇಟೆಯಲ್ಲಿ ಲಾರಿ ಓಡಿಸುತ್ತಿದ್ದೆ. ಈರುಳ್ಳಿ, ಕೋಸು, ಟೊಮೆಟೊ, ಏನು ಸಿಕ್ಕರೆ ಅದನ್ನು ತುಂಬಿಕೊಂಡು ಸಂಜೆ ಹೊರಟರೆ ಬೆಳಕು ಹರಿಯುವಷ್ಟರಲ್ಲಿ ಕೇರಳದ ಮಾರ್ಕೆಟ್ಟು. ಮನೆ, ಮಕ್ಕಳು, ಸ್ಕೂಲು, ರೇಷನ್ನು ಎಲ್ಲಾ ಅವಳದೇ ಕಾರುಬಾರು. ಭೀಮನಬೀಡಿನ ಹೆಣ್ಣು, ಗಟ್ಟಿಗಿತ್ತಿ. ಕಾಮಾಲೆ ಅಂತ ಮಲಗಿದಳು. ನಾಟಿ ಔಷಧಿ ಆಯಿತು, ಆಸ್ಪತ್ರೆ ಆಯಿತು, ಹರಕೆ ಆಯಿತು, ಅವಳು ಏಳಲಿಲ್ಲ. ದೊಡ್ಡ ಮಗಳು ಆಗ ಮೂರನೇ ಕ್ಲಾಸು, ಚಿಕ್ಕವಳು ಒಂದನೇ ಕ್ಲಾಸು.

ತಿಥಿ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ ನಾನು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟೆ. ಲಾರಿ ಓನರು ಹೇಳಿ ಕಳಿಸಿದರು, ಹೋಗಲಿಲ್ಲ. ಕ್ಲೀನರ್ ಬಂದು ಬಾಗಿಲಲ್ಲಿ ನಿಂತು ನೋಡಿ ಹೋದ. ಪಕ್ಕದ ಮನೆಯಾಕೆ ಮಕ್ಕಳನ್ನು ಕರೆದು ಊಟಕ್ಕಿಕ್ಕುತ್ತಿದ್ದಳು, ನನಗೂ ತಟ್ಟೆಯಲ್ಲಿ ಮುಚ್ಚಿ ಕಳಿಸುತ್ತಿದ್ದಳು. ತಿಂದರೆ ತಿಂದೆ, ಇಲ್ಲದಿದ್ದರೆ ಇಲ್ಲ. ಗೋಡೆಯ ಸುಣ್ಣ ಎಲ್ಲಿ ಎದ್ದಿದೆ, ಎಲ್ಲಿ ಬಿರುಕು ಬಿಟ್ಟಿದೆ ಅನ್ನೋದು ಇವತ್ತಿಗೂ ನನಗೆ ಬಾಯಿಪಾಠ. ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದವೋ ಇಲ್ಲವೋ ಅದೂ ಗೊತ್ತಿಲ್ಲ.

ಹೀಗೇ ಒಂದು ಬೆಳಿಗ್ಗೆ ದೊಡ್ಡವಳು ಬಂದು ಬೆನ್ನು ತಟ್ಟಿದಳು. ತಿರುಗಿ ನೋಡಿದರೆ ಒಂದು ಕೈಲಿ ಬಾಚಣಿಗೆ, ಒಂದು ಕೈಲಿ ಎಣ್ಣೆ ಬಾಟ್ಲು. ತಲೆ ಕೆದರಿಕೊಂಡು ನಿಂತಿದ್ದಾಳೆ, ಯೂನಿಫಾರಂ ಹಾಕಿದ್ದಾಳೆ. ಹಿಂದೆ ಚಿಕ್ಕವಳು, ಅದೂ ಹಂಗೇ.

"ಅಪ್ಪ, ಏಳು. ಜಡ ಹಾಕು. ನಂಗ ಹಾಕಳಕ ಬರಲ್ಲ" ಅಂದಳು.

ಪಕ್ಕದ ಮನೆಗೆ ಹೋಗಿ ಹಾಕಿಸಿಕೋ ಹೋಗು ಅಂದೆ. ಹೋಗಲಿಲ್ಲ. ಗದರಿದೆ. ಹೋಗಲಿಲ್ಲ. ಸುಮ್ಮನೆ ನಿಂತೇ ಇತ್ತು ಮಗು, ಬಾಚಣಿಗೆ ಮುಂದಕ್ಕೆ ಚಾಚಿಕೊಂಡು. ಕೊನೆಗೆ ಸಿಟ್ಟು ಬಂದು ಎದ್ದು ಕೂತೆ. ಹೆಂಡತಿ ಸತ್ತು ಹೋಗಿದ್ದಾಳೆ, ಇವಕ್ಕೆ ಜಡೆ ಬೇಕಂತೆ ಜಡೆ ಅಂತ ಗೊಣಗಿಕೊಂಡೇ ಅವಳನ್ನು ತಿರುಗಿಸಿ ಮುಂದೆ ಕೂರಿಸಿಕೊಂಡೆ. ನಾನು ಹಾಸಿಗೆಯಿಂದ ಎದ್ದಿದ್ದು ಹಾಗೆ, ಸಿಟ್ಟಿನ ಮೇಲೆ. ಧೈರ್ಯ ಗೀರ್ಯ ಏನೂ ಇರಲಿಲ್ಲ.

ನನಗೆ ಗೊತ್ತಿದ್ದದ್ದು ಲೋಡಿನ ಮೇಲೆ ಟಾರ್ಪಾಲು ಬಿಗಿಯೋದು. ಹಗ್ಗ ಎಳೆದು ಕಾಲು ಕೊಟ್ಟು ಬಿಗಿದರೆ ಘಾಟಿ ತಿರುವಿನಲ್ಲೂ ಅಲುಗಬಾರದು, ಅದು ನಮ್ಮ ಲೆಕ್ಕ. ಅದೇ ಲೆಕ್ಕದಲ್ಲಿ ಮಗಳ ಕೂದಲನ್ನೂ ಎಳೆದೆ. ಮೂರು ಎಳೆ ಹೆಣೆಯೋದು ಗೊತ್ತಿತ್ತು, ಚಿಕ್ಕಂದಿನಲ್ಲಿ ನಾರಿನ ಹಗ್ಗ ಹೆಣೆದ ಕೈ. ಆದರೆ ಹಗ್ಗಕ್ಕೆ ನೋವಾಗಲ್ಲ. ಅವಳ ಹುಬ್ಬು ಮೇಲಕ್ಕೆ ಹೋಗಿ ಕಣ್ಣು ಬಿಟ್ಟಿದ್ದು ಬಿಟ್ಟ ಹಾಗೇ ನಿಂತವು. ರಿಬ್ಬನ್ ಹುಡುಕಿದರೆ ಸಿಗಲಿಲ್ಲ. ಈರುಳ್ಳಿ ಮೂಟೆ ಹೊಲಿಯೋ ಸುತ್ಲಿ ದಾರದ ಉಂಡೆ ಮೂಲೆಯಲ್ಲಿತ್ತು. ಅದನ್ನೇ ಕಚ್ಚಿ ತುಂಡು ಮಾಡಿ ಇಬ್ಬರ ನಾಲ್ಕು ಜಡೆಗೂ ಗಂಟು ಹಾಕಿ ಕಳಿಸಿದೆ.

ಸಂಜೆ ಬಂದು ಚಿಕ್ಕವಳು ವರದಿ ಒಪ್ಪಿಸಿದಳು. ಟೀಚರ್ ಕೇಳಿದರಂತೆ, ಇದೇನಮ್ಮಾ ನಿಮ್ಮನ್ನ ಮಾರ್ಕೆಟ್ಟಿಗೆ ಲೋಡ್ ಮಾಡಿದ್ದಾರಾ ಅಂತ. ಕ್ಲಾಸೆಲ್ಲ ನಗ್ತಂತೆ. ದೊಡ್ಡವಳು ಮಾತ್ರ ಮಾರನೇ ದಿನ ಬೆಳಿಗ್ಗೆ ಮತ್ತೆ ಬಾಚಣಿಗೆ ಹಿಡಿದು ಬಂದು ನಿಂತಳು. ನನಗೆ ಆ ಟೀಚರ್ ಮೇಲೆ ಎಲ್ಲಿಲ್ಲದ ಕೋಪ. ಆವತ್ತು ಪೇಟೆಗೆ ಹೋಗಿ ಬಿಳಿ ರಿಬ್ಬನ್ ತಂದೆ. ಎಷ್ಟು ದಿನಗಳ ಮೇಲೆ ಹೊಸ್ತಿಲು ದಾಟಿದ್ದೆನೋ, ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು.

ಜಡೆ ಹಾಕೋದು ಹೆಂಗಸರ ಕೆಲಸ, ಸಲೀಸು ಅಂದುಕೊಂಡಿದ್ದೀರೇನು? ಗೇರ್ ಬಾಕ್ಸು ಬಿಚ್ಚಿ ಕಟ್ಟೋದು ಅದಕ್ಕಿಂತ ಸುಲಭ. ಬೈತಲೆ ನೆಟ್ಟಗಿರಬೇಕು. ಎರಡು ಕಡೆಗೂ ಕೂದಲು ಸಮ ಬರಬೇಕು. ಒದ್ದೆ ಕೂದಲು ಹೆಣೆದರೆ ವಾಸನೆ ಬರುತ್ತೆ, ಎಣ್ಣೆ ಹೆಚ್ಚಾದರೆ ಯೂನಿಫಾರಂ ಕೊಳೆ, ಕಡಿಮೆಯಾದರೆ ಸಿಕ್ಕು. ಸಿಕ್ಕನ್ನು ಬುಡದಿಂದ ಬಿಡಿಸಬಾರದು, ತುದಿಯಿಂದ ಬಿಡಿಸಬೇಕು. ಇದನ್ನು ಕಲಿಯೋಕೆ ನನಗೆ ತಿಂಗಳುಗಟ್ಟಲೆ ಹಿಡಿಯಿತು, ಆ ತಿಂಗಳುಗಳಷ್ಟೂ ಆ ಎರಡು ತಲೆಗಳು ನನ್ನ ಕೈಲಿ ಪಟ್ಟ ಪಾಡು ಆ ದೇವರಿಗೇ ಗೊತ್ತು. ಭಾನುವಾರ ಸೀರಣಿಗೆ ಹಿಡಿದು ಹೇನು ತೆಗೆಯೋದು. ಹೇನು ಹೆಕ್ಕುತ್ತಾ ಕೂತ ಲಾರಿ ಡ್ರೈವರನ್ನು ನೋಡೋಕೆ ಬೀದಿಯ ಹೆಂಗಸರು ನೀರಿನ ಬಿಂದಿಗೆ ಇಟ್ಟುಕೊಂಡು ನಿಲ್ಲುತ್ತಿದ್ದರು. ನಿಲ್ಲಲಿ. ನನ್ನ ಮಕ್ಕಳ ತಲೆ ಹೇನು, ಇವರಪ್ಪನ ಮನೆ ಗಂಟೇನು ಹೋಗೋದು?

ಬೆಳಿಗ್ಗೆ ಜಡೆ ಹಾಕಬೇಕು ಅಂದರೆ ಬೆಳಿಗ್ಗೆ ಮನೆಯಲ್ಲಿರಬೇಕಲ್ಲ. ಕೇರಳದ ಲೈನು ಬಿಟ್ಟೆ. ಓನರು ತಲೆ ಕೆಟ್ಟಿದೆಯೇನಯ್ಯ ನಿನಗೆ, ಲಾರಿ ಬಿಟ್ಟು ಟೆಂಪೋ ಹತ್ತುತ್ತೀಯಾ ಅಂದರು. ಹತ್ತಿದೆ. ಭೀಮನಬೀಡು, ಆಕಡೆ ಕೇರಳದ ದಾರಿಯ ಮದ್ದೂರಿನ ಕಾಡಂಚು, ಎಲ್ಲೆಲ್ಲಿ ತರಕಾರಿ ಕೊಯ್ದಿದ್ದಾರೋ ಅಲ್ಲಿಂದ ತುಂಬಿ ಗುಂಡ್ಲುಪೇಟೆ ಮಾರ್ಕೆಟ್ಟಿಗೆ ಇಳಿಸೋದು. ಮಕ್ಕಳನ್ನು ಸ್ಕೂಲಿಗೆ ಕಳಿಸಿ ಹೊರಟರೆ ಸಂಜೆಗೆ ವಾಪಸ್ಸು. ಲಾರಿ ನಿಲ್ಲೋ ಕಡೆ ಇದ್ದ ಟೀ ಅಂಗಡಿಯಲ್ಲಿ ನನಗೆ ಜಡೆ ಡ್ರೈವರು ಅಂತ ಹೆಸರು ಬಿತ್ತು. ಒಬ್ಬ ಅಂತೂ, ಏನ್ಲಾ, ನಾಳ ನಮ್ ಹೆಂಡ್ರುನೂ ಕಳಿಸ್ಲಾ ಅಂದ. ಕಳಿಸು, ನಿನ್ನ ಕೈಲಂತೂ ಅವಳ ತಲೆ ನೆಟ್ಟಗಾಗಲಿಲ್ಲ ಅಂದೆ. ಆಮೇಲೆ ಅವನು ಆ ಮಾತು ಎತ್ತಲಿಲ್ಲ.

ಯಾರಾದರೂ ಆಗ ಬಂದು ಮನಸ್ಸು ಗಟ್ಟಿ ಮಾಡ್ಕೋ ಅಂದರೆ ನನಗೆ ಮೈ ಉರಿಯುತ್ತಿತ್ತು. ಮನಸ್ಸು ಎಲ್ಲಿದೆ ಅಂತಲೇ ಗೊತ್ತಿಲ್ಲದವನು ಅದನ್ನು ಗಟ್ಟಿ ಮಾಡೋದು ಹೆಂಗೆ? ನನಗೆ ಗೊತ್ತಿದ್ದದ್ದು ಜಡೆ. ಜಡೆ ಹಾಕಬೇಕಾದರೆ ಬೇಗ ಏಳಬೇಕು. ಬೇಗ ಏಳಬೇಕಾದರೆ ಸಂಜೆ ಬಾಟ್ಲಿ ಇಟ್ಟುಕೊಂಡು ಕೂರೋ ದೋಸ್ತಿಗಳ ಜೊತೆ ಕೂರೋ ಹಾಗಿಲ್ಲ. ಕೈ ನಡುಗಿದರೆ ಬೈತಲೆ ಸೊಟ್ಟಗಾಗುತ್ತೆ. ರಿಬ್ಬನ್ನು ಹಿಂದಿನ ಸಂಜೆಯೇ ಒಗೆದು ತಂತಿ ಮೇಲೆ ಹಾಕಿರಬೇಕು. ರಿಬ್ಬನ್ ಒಗೆಯೋಕೆ ಕೂತವನು ಹಂಗೇ ಯೂನಿಫಾರಂ ಒಗೆದ, ಯೂನಿಫಾರಂ ಒಗೆದವನು ಹಂಗೇ ಒಲೆ ಹಚ್ಚಿ ಮುದ್ದೆಗೆ ಎಸರಿಟ್ಟ. ಬಾವಿಯಿಂದ ಹಗ್ಗ ಎಳೆದರೆ ಬಿಂದಿಗೆ ಬಂದ ಹಾಗೆ ಆ ನಾಲ್ಕು ಜಡೆಯ ಹಿಂದೆ ಸಂಸಾರ ಬಂತು. ನಾನು ಅಷ್ಟೇ ಮಾಡಿದ್ದು. ಅವಳ ನೆನಪು ಬಂದ ದಿನವೂ ಜಡೆ ಹಾಕಿದೆ, ಬಾರದ ದಿನವೂ ಹಾಕಿದೆ. ಜ್ವರದಲ್ಲೂ ಕೂತು ಹಾಕಿದ್ದೇನೆ.

ಈಗ ನನ್ನ ಅಕ್ಕನ ವಿಷಯ ಹೇಳಬೇಕು. ನನಗಿಂತ ಏಳೆಂಟು ವರ್ಷ ದೊಡ್ಡವಳು. ಚಾಮರಾಜನಗರದಲ್ಲಿ ಮನೆ, ಭಾವನಿಗೆ ಆಫೀಸಿನಲ್ಲಿ ಕೆಲಸ, ತಿಂಗಳಾದರೆ ಸಂಬಳ. ಗಂಡುಮಕ್ಕಳು ಇಬ್ಬರೂ ಓದುತ್ತಿದ್ದರು. ನಾನು ಚಿಕ್ಕವನಿರುವಾಗ ನಮ್ಮವ್ವ ಸತ್ತಳು. ಅಪ್ಪ ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾಗಿ, ನಾವಿಬ್ಬರೂ ಅದೇ ಮನೆಯಲ್ಲಿ ಬಿಟ್ಟಿ ಕೂಳಿನವರಾದೆವು. ನನಗೆ ಅನ್ನ ಇಕ್ಕಿದವಳು, ಮೂಗು ಒರೆಸಿದವಳು ಈ ಅಕ್ಕನೇ. ಅದಕ್ಕೇ ಆ ಗಾದೆ ಮೇಲೆ ಅವಳಿಗೆ ಅಷ್ಟು ನಂಬಿಕೆ. ಅವಳ ಪಾಲಿಗೆ ಅದು ಗಾದೆಯಲ್ಲ, ಕಣ್ಣಾರೆ ಕಂಡದ್ದು.

ಹೆಂಡತಿಯ ವರ್ಷದ ಎಡೆ ಇಟ್ಟ ದಿನ ಅಕ್ಕ ಬಂದವಳು ಊಟ ಮುಗಿದ ಮೇಲೆ ಹಿರಿಯರ ಮುಂದೆ ಮಾತೆತ್ತಿದಳು. ಇನ್ನೊಂದು ಮದುವೆಯಾಗು, ಇಲ್ಲ ದೊಡ್ಡವಳನ್ನು ನನ್ನ ಜೊತೆ ಕಳಿಸು ಅಂದಳು. ಎರಡೂ ಇಲ್ಲ ಅಂದೆ. ಮಾತಿಗೆ ಮಾತು ಬೆಳೆಯಿತು. ಹೆಂಗಸಿಲ್ಲದ ಮನೆಯಲ್ಲಿ ಹೆಣ್ಣುಮಕ್ಕಳು ಹೆಂಗೆ ಬೆಳೀತವೆ ಅಂತ ಹಿರಿಯರೂ ಅವಳ ಕಡೆಗೇ ವಾಲಿದರು. ಕೊನೆಗೆ ಅಕ್ಕ ಒಂದು ಹೆಜ್ಜೆ ಇಳಿದು, ಸರಿ, ದೊಡ್ಡವಳಾಗೋ ತನಕ ಇಟ್ಟುಕೋ, ಮೈ ನೆರೆದ ಮೇಲೆ ನೀರು ಹಾಕಿ ಆರತಿ ಮಾಡಿದ ದಿನ ನಾನು ಕರೆದುಕೊಂಡು ಹೋಗ್ತೀನಿ ಅಂದಳು. ಮಗು ಇನ್ನೂ ಮೊಳದುದ್ದ ಇತ್ತು. ಆ ದಿನ ಯಾವ ಕಾಲಕ್ಕೋ ಅಂದುಕೊಂಡು ನಾನು ಹೂಂ ಅಂದೆ. ಅವಳು ಬಿಡಲಿಲ್ಲ, ಎಲೆ ಅಡಿಕೆ ಕೈಗಿಟ್ಟು ಮಾತು ತೆಗೆದುಕೊಂಡಳು. ನಮ್ಮಲ್ಲಿ ಎಲೆ ಅಡಿಕೆ ಹಿಡಿದು ಕೊಟ್ಟ ಮಾತು ಅಂದರೆ ಮುಗಿಯಿತು. ಬಾಗಿಲ ಸಂದಿಯಲ್ಲಿ ದೊಡ್ಡವಳು ನಿಂತು ಕೇಳಿಸಿಕೊಳ್ಳುತ್ತಿದ್ದಳು.

ವರ್ಷಗಳು ಹೋದವು. ಜಡೆ ಮೋಟು ಇದ್ದದ್ದು ಉದ್ದವಾಯಿತು, ಹೈಸ್ಕೂಲಿಗೆ ಹೋದ ಮೇಲೆ ಮಡಚಿ ಮೇಲಕ್ಕೆ ಕಟ್ಟೋದು ಬಂತು. ಅದನ್ನೂ ಕಲಿತೆ. ನಮ್ಮ ಮಾತುಕತೆಯೆಲ್ಲ ಆ ಹೊತ್ತಿನಲ್ಲೇ. ಮುಖ ನೋಡಿ ಮಾತಾಡಿದರೆ ಹೇಳದ್ದನ್ನು ಮಕ್ಕಳು ಬೆನ್ನು ಹಾಕಿ ಕೂತರೆ ಹೇಳುತ್ತವೆ. ಲೆಕ್ಕದ ಮೇಷ್ಟ್ರು ಹೊಡೆದದ್ದು, ಗೆಳತಿ ಮುನಿಸಿಕೊಂಡದ್ದು, ಅವ್ವನ ಸೀರೆಯ ವಾಸನೆ ಟ್ರಂಕಿನಲ್ಲಿ ಇನ್ನೂ ಇದೆಯೋ ಇಲ್ಲವೋ ಅನ್ನೋದು, ಎಲ್ಲ ನನಗೆ ತಿಳಿದದ್ದು ಅವರ ಹಿಂದಲೆಯಿಂದಲೇ. ಒಂದೇ ಒಂದು ಸಲ ತಪ್ಪಿತು. ಮದ್ದೂರಿನ ಕಡೆ ಟೆಂಪೋ ಕೆಟ್ಟು ನಿಂತು ನಾನು ಮಾರನೇ ದಿನ ಮನೆ ಸೇರಿದೆ. ಸಂಜೆ ಸ್ಕೂಲಿಂದ ಬಂದವರ ಜಡೆ ನೋಡಿದರೆ ನನ್ನದಕ್ಕಿಂತ ಚೆನ್ನಾಗಿತ್ತು. ಪಕ್ಕದ ಮನೆಯಾಕೆ ಹಾಕಿರಬೇಕು ಅಂದುಕೊಂಡೆ, ಹೊಟ್ಟೆಯೊಳಗೆ ಕಿಚ್ಚೂ ಬಿತ್ತು. ಕೇಳಲಿಲ್ಲ.

ದೊಡ್ಡವಳು ಎಂಟನೇ ಕ್ಲಾಸಿನಲ್ಲಿದ್ದಾಗ, ಒಂದು ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಿಲಿನ ನಲ್ಲಿ ಹತ್ತಿರ ಕೂತು ಬಟ್ಟೆ ಒಗೆಯುತ್ತಿದ್ದಾಳೆ. ನನ್ನನ್ನು ಕಂಡವಳೇ ಬಟ್ಟೆಯನ್ನು ಬೆನ್ನ ಹಿಂದೆ ಮುಚ್ಚಿಕೊಂಡಳು. ಅಮ್ಮ ಇಲ್ಲದ ಮನೆಯ ಅಪ್ಪ ನಾನು, ಅಷ್ಟೂ ತಿಳಿಯದವನಲ್ಲ. ಹತ್ತಿರ ಹೋಗಿ ಕೂತು ಕೇಳಿದೆ. ಹೋದ ತಿಂಗಳೇ ಆಗಿತ್ತಂತೆ. ಯಾರಿಗೂ ಹೇಳಿರಲಿಲ್ಲ, ಪಕ್ಕದ ಮನೆಯಾಕೆಗೂ ಹೇಳಿರಲಿಲ್ಲ. ಹೆದರಿಕೊಂಡಿದ್ದಾಳೇನೋ ಅಂದುಕೊಂಡು, ಯಾಕೆ ಮುಚ್ಚಿಟ್ಟೆ ಕೂಸೇ ಅಂದೆ.

"ಅತ್ತೆ ಕರ್ಕಂಡೋಯ್ತರಲ್ಲ" ಅಂದಳು.

 ಬಾಗಿಲ ಸಂದಿಯಲ್ಲಿ ಕೇಳಿಸಿಕೊಂಡ ಮಾತನ್ನು ಆ ಮಗು ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು. ದೊಡ್ಡವಳಾಗೋದಕ್ಕೇ ಹೆದರಿಕೊಂಡು ಬೆಳೆದಿತ್ತು. ಇನ್ನೆಷ್ಟು ತಿಂಗಳು ಹೀಗೆ ಕದ್ದು ಬಟ್ಟೆ ಒಗೆಯುತ್ತಾ ಇರುತ್ತಿತ್ತೋ. ನನ್ನ ಮಗಳೇನು ಕಳ್ಳತನ ಮಾಡಿದ್ದಾಳೆಯೇ ಮುಚ್ಚಿಟ್ಟು ಬದುಕೋಕೆ? ಒಗೆದ ಬಟ್ಟೆಯನ್ನು ನಾನೇ ಹಿಂಡಿ ಬಿಸಿಲು ಬೀಳೋ ಕಡೆ ತಂತಿ ಮೇಲೆ ಹರವಿದೆ. ನೇರ ಎಸ್‌ಟಿಡಿ ಬೂತಿಗೆ ಹೋಗಿ ಚಾಮರಾಜನಗರಕ್ಕೆ ಫೋನು ಮಾಡಿ ಅಕ್ಕನಿಗೆ ಹೇಳಿದೆ: ಮಗಳು ದೊಡ್ಡವಳಾಗಿದ್ದಾಳೆ, ಬಾ, ಆರತಿ ಮಾಡು, ಆದರೆ ಅವಳನ್ನು ಕಳಿಸಲ್ಲ. ಅಕ್ಕ, ಎಲೆ ಅಡಿಕೆ ಮರೆತೆಯಾ ಅಂದಳು. ಮರೆತಿಲ್ಲ, ಬಂದು ಮಾತಾಡು ಅಂತ ಫೋನ್ ಇಟ್ಟೆ.

ಭೀಮನಬೀಡಿನಿಂದ ನನ್ನ ಬಾಮೈದ, ಅಂದರೆ ಹೆಂಡತಿಯ ತಮ್ಮ, ಬಂದ. ಹುಡುಗಿ ಮೈ ನೆರೆದಾಗ ಸೋದರಮಾವನೇ ಸೊಪ್ಪಿನ ಗುಡ್ಲು ಕಟ್ಟಬೇಕು, ನೀರು ಹಾಕೋ ದಿನದ ತನಕ ಅವಳು ಅದರೊಳಗೆ ಕೂರಬೇಕು. ಅವನು ತೆಂಗಿನ ಗರಿ, ಹೊಂಗೆ ಸೊಪ್ಪು ತಂದು ನಮ್ಮ ಜಗಲಿಯ ಮೂಲೆಯಲ್ಲಿ ಕಟ್ಟಲು ನಿಂತ. ಅಕ್ಕ ಮಧ್ಯಾಹ್ನದ ಬಸ್ಸಿಗೆ ಬಂದಳು, ಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ, ಹೊಸ ಲಂಗ ದಾವಣಿ ಎಲ್ಲಾ ಹೊತ್ತುಕೊಂಡು. ಅವಳ ಪ್ರೀತಿಗೇನೂ ಕಡಿಮೆ ಇರಲಿಲ್ಲ. ಬಂದವಳೇ ಮಗಳ ಕೆನ್ನೆ ಸವರಿ ಲಟಿಕೆ ಮುರಿದು, ಕಣ್ಣೊರೆಸಿಕೊಂಡು, ಕೂಡಲೇ ಕಾನೂನು ಶುರು ಮಾಡಿದಳು. ಅದು ಮುಟ್ಟಬಾರದು, ಇದು ತಿನ್ನಬಾರದು, ಗಂಡಸರು ಮುಖ ನೋಡಬಾರದು. ಅಪ್ಪ ಆದರೂ ಅಷ್ಟೆ, ಅಣ್ಣ ಆದರೂ ಅಷ್ಟೆ. ನಾಳೆಯಿಂದ ತಲೆ ನಾನು ಬಾಚ್ತೀನಿ ಅಂದಳು.

ನಾನು ಬಾಮೈದನ ಹತ್ತಿರ ಹೋಗಿ, ಗುಡ್ಲಿನ ಹಿಂಬದಿಗೆ ಸೊಪ್ಪು ತೆಳ್ಳಗೆ ಹಾಕೋ ಮಾರಾಯ ಅಂದೆ. ಅವನು ಒಂದು ಗರಿ ಎಳೆದು ಪಕ್ಕಕ್ಕಿಟ್ಟ.

ಮಾರನೇ ಬೆಳಿಗ್ಗೆ ಎಂದಿನ ಹೊತ್ತಿಗೆ ಎದ್ದು ಚಿಕ್ಕವಳಿಗೆ ಎರಡು ಜಡೆ ಹಾಕಿ ಸ್ಕೂಲಿಗೆ ರೆಡಿ ಮಾಡಿದೆ. ಆಮೇಲೆ ಮಣೆ, ಬಾಚಣಿಗೆ, ಎಣ್ಣೆ ಬಾಟ್ಲು ಎತ್ತಿಕೊಂಡು ಜಗಲಿಗೆ ಹೋಗಿ ಗುಡ್ಲಿನ ಹಿಂದೆ ಕೂತೆ. ಅಕ್ಕ ಒಳಗಿನಿಂದ ಓಡಿ ಬಂದಳು. ಏನ್ಲಾ ಮಾಡ್ತಿದ್ದೀಯೆ, ಬುದ್ಧಿ ಇದೆಯೇನ್ಲಾ ನಿಂಗ, ಮುಖ ನೋಡಬಾರದು ಅಂದಿರಲಿಲ್ಲವಾ ಅಂತ ಶುರು ಮಾಡಿದಳು. ಬೀದಿಯ ಹೆಂಗಸರು ಬಿಂದಿಗೆ ಇಳಿಸಿದರು.

"ಮುಖ ತಾನೇ ಅಕ್ಕ ನೋಡಬಾರದು?" ಅಂದೆ. "ನಾ ದಿನಾ ಬೆಳಿಗ್ಗ ನೋಡದು ಬೆನ್ನ. ಜಡ ಹಾಕೋನ್ಗ ಮುಖ ಎಲ್ಲಿ ಕಾಣ್ತದ?"

 ಗುಡ್ಲಿನೊಳಗೆ ಸರಸರ ಸದ್ದಾಯಿತು. ಸೊಪ್ಪು ಸರಿದು ಕೂದಲು ಹೊರಕ್ಕೆ ಬಂತು, ಮೊದಲು ಒಂದು ಪಾಲು, ಆಮೇಲೆ ಇನ್ನೊಂದು. ಮಗಳು ಒಳಗೆ ಬೆನ್ನು ತಿರುಗಿಸಿ ಕೂತುಬಿಟ್ಟಿದ್ದಳು. ಸ್ಕೂಲಿಗೆ ಹೋಗೋದಿಲ್ಲ, ಯಾರೂ ನೋಡೋದಿಲ್ಲ, ಆದರೂ ಎಂದಿನ ಹಾಗೆ ಎರಡು ಜಡೆ ಹೆಣೆದು, ಮಡಚಿ, ರಿಬ್ಬನ್ ಕಟ್ಟಿದೆ. ನೀರು ಹಾಕೋ ದಿನದ ತನಕ ಒಂದು ಬೆಳಿಗ್ಗೆಯೂ ತಪ್ಪಿಸಲಿಲ್ಲ. ಯಾವ ಶಾಸ್ತ್ರದಲ್ಲಿ ಬೆನ್ನು ನೋಡಬಾರದು ಅಂತಿದೆಯೋ ತೋರಿಸಲಿ ಅಂತ ಬೀದಿಗೆ ಕೇಳುವ ಹಾಗೆ ಒಂದೆರಡು ಸಲ ಹೇಳಿಯೂ ಹೇಳಿದೆ. ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಆದರೆ ಹುಡುಗಿಯ ಬಟ್ಟೆಯನ್ನೆಲ್ಲ ಮಡಚಿ ಬ್ಯಾಗಿಗೆ ತುಂಬಿ ಬಾಗಿಲ ಪಕ್ಕ ಇಟ್ಟಿದ್ದಳು. ಒಳಗೆ ಹೋಗುವಾಗ ಬರುವಾಗ ಆ ಬ್ಯಾಗು ನನ್ನ ಕಾಲಿಗೆ ತಾಗುತ್ತಿತ್ತು.

ನೀರು ಹಾಕೋ ದಿನ ಮನೆ ತುಂಬ ಹೆಂಗಸರು. ಭೀಮನಬೀಡಿನವರು ಬಂದಿದ್ದರು, ವರ್ಷದ ಎಡೆಯ ದಿನ ಕೂತಿದ್ದ ಹಿರಿಯರೂ ಬಂದಿದ್ದರು. ಸೀಗೆಕಾಯಿ ಹಾಕಿ ತಲೆಗೆ ನೀರು ಹುಯ್ದು, ಗುಡ್ಲು ಕಿತ್ತು, ಹೊಸ ಲಂಗ ದಾವಣಿ ಉಡಿಸಿ, ಸೊಂಟ ದಾಟಿದ ಕೂದಲನ್ನು ಬೆನ್ನ ಮೇಲೆ ಬಿಟ್ಟು ಮಣೆಯ ಮೇಲೆ ಕೂರಿಸಿದರು. ಆರತಿಯಾಯಿತು. ಅಕ್ಕ ಮಲ್ಲಿಗೆ ಮೊಗ್ಗಿನ ತಟ್ಟೆ ಹತ್ತಿರ ಎಳೆದುಕೊಂಡು ನನ್ನ ಕಡೆ ತಿರುಗಿದಳು. ಅಷ್ಟು ದಿನದ ಮೇಲೆ ಬಾಯಿ ಬಿಟ್ಟದ್ದು. ಜಡೆ ಹಾಕಿ ಮೂರರ ಬಸ್ಸಿಗೆ ಹೊರಡ್ತೀವಿ ಅಂದಳು. ಕಳಿಸಲ್ಲ ಅಂದೆ. ಹಿರಿಯರು ಎಲೆ ಅಡಿಕೆ ನೆನಪು ಮಾಡಿದರು. ಕೊಟ್ಟಿದ್ದು ನಿಜ, ಈಗ ಎಲ್ಲರ ಎದುರಿಗೇ ಮುರೀತಾ ಇದ್ದೀನಿ, ಏನು ದಂಡ ಹಾಕ್ತೀರೋ ಹಾಕಿ ಅಂದೆ. ಗುಜುಗುಜು ಎದ್ದಿತು. ಮಾತು ತಪ್ಪಿದವನು ಅಂತ ಯಾರೋ ಹಿಂದಿನಿಂದ ಅಂದರು. ಹೌದು, ತಪ್ಪಿದವನೇ.

ಅಕ್ಕ ಕೂಗಾಡಲಿಲ್ಲ. ಮೆತ್ತಗೆ ಮಾತಾಡಿದಳು, ಅದೇ ನನಗೆ ಕಷ್ಟವಾದದ್ದು. ನೀನು ಅಪ್ಪನ ಹಾಗಲ್ಲ, ಒಪ್ಪುತೀನಿ. ಆದರೆ ಇವಳನ್ನ ನೋಡು. ಎಂಟನೇ ಕ್ಲಾಸು, ನಾಳೆ ಇನ್ನೊಬ್ಬರ ಮನೆ ಬೆಳಗೋ ಹೆಣ್ಣು, ತನ್ನ ಜಡೆ ತಾನು ಹಾಕಿಕೊಳ್ಳೋಕೆ ಬರಲ್ಲ. ನಿನ್ನ ಹಟಕ್ಕೆ ಇವಳನ್ನ ಕೈಲಾಗದವಳನ್ನಾಗಿ ಮಾಡಿದ್ದೀಯೆ. ಹೆಣ್ಣುಮಗುವಿಗೆ ಹೆಣ್ಣಿನ ಕೈ ಬೇಕು ಕಣ್ಲಾ ಅಂದಳು. ಮನೆಯೆಲ್ಲ ಹೌದು ಹೌದು ಅಂತು. ನನಗೂ ಅಕ್ಕ ಹೇಳಿದ್ದು ನಿಜ ಅನ್ನಿಸಿಬಿಟ್ಟಿತು. ಗೋಡೆಗೆ ಒರಗಿದೆ.

ಮಣೆಯ ಮೇಲೆ ಕೂತಿದ್ದ ಮಗಳು ಕೈ ಎತ್ತಿ ಕೂದಲನ್ನು ಮುಂದಕ್ಕೆ ತೆಗೆದುಕೊಂಡಳು. ಕನ್ನಡಿ ಇಲ್ಲ, ಬಾಚಣಿಗೆ ಇಲ್ಲ. ಬೆರಳಲ್ಲೇ ಬೈತಲೆ ತೆಗೆದಳು, ನೆಟ್ಟಗೆ. ಮೂರು ಪಾಲು ಮಾಡಿ ಹೆಣೆಯತೊಡಗಿದಳು. ಅವಳ ಬೆರಳು ಓಡುತ್ತಿದ್ದದ್ದು ನೋಡಿ ಅಕ್ಕನ ಕೈಲಿದ್ದ ದಾರ ಹಾಗೇ ನಿಂತಿತು. ಒಂದು ಜಡೆ ಮುಗಿಯಿತು, ಇನ್ನೊಂದೂ ಮುಗಿಯಿತು. ಒಂದು ಎಳೆ ಆಚೀಚೆ ಇಲ್ಲ. ನನ್ನ ಟೆಂಪೋ ಕೆಟ್ಟು ನಿಂತಾಗ ನೋಡಿದ್ದ ಅದೇ ಜಡೆ.

"ನಂಗ ಬತ್ತದ ಅತ್ತೆ" ಅಂದಳು. "ಅವ್ವ ಇದ್ದಾಗ್ಲೇ ಕಲಿಸಿದ್ಲು. ಆವತ್ತು ಬರಲ್ಲ ಅಂತ ಸುಳ್ ಹೇಳ್ದೆ. ಹಂಗ ಹೇಳ್ದೆ ಇದ್ದಿದ್ರ ಅಪ್ಪ ಏಳ್ತಾನೇ ಇರ್ಲಿಲ್ಲ."

 ನಾನು ಅತ್ತುಬಿಟ್ಟೆ. ಗಂಡಸು ಅಂತಿಲ್ಲ, ಡ್ರೈವರು ಅಂತಿಲ್ಲ, ಅಷ್ಟು ಜನರ ಮುಂದೆ ಗೋಡೆ ಹಿಡಿದುಕೊಂಡು ಹೋ ಅಂತ ಅತ್ತೆ. ನಾನು ಇವರನ್ನು ಸಾಕುತ್ತಿದ್ದೇನೆ ಅಂದುಕೊಂಡು ಎದೆ ಸೆಟೆಸಿ ತಿರುಗಿದ್ದೆನಲ್ಲ ಇಷ್ಟು ವರ್ಷ. ಮೂರನೇ ಕ್ಲಾಸಿನ ಮಗು, ತಾನೂ ಅವ್ವನನ್ನು ಕಳೆದುಕೊಂಡ ಮಗು, ಸುತ್ಲಿ ದಾರ ಕಟ್ಟಿಸಿಕೊಂಡು, ಕ್ಲಾಸಿನವರ ಕೈಲಿ ನಗಿಸಿಕೊಂಡು, ಹುಬ್ಬು ಕಿತ್ತು ಬರುವ ಹಾಗೆ ಎಳೆಸಿಕೊಂಡು, ದಿನಾ ಬೆಳಿಗ್ಗೆ ನನ್ನನ್ನು ಎಬ್ಬಿಸಿ ಕೂರಿಸುತ್ತಿತ್ತು.

ಅಕ್ಕ ಮಗಳ ಜಡೆಯನ್ನು ಬಿಚ್ಚಲಿಲ್ಲ. ಅವಳೇ ಹೆಣೆದುಕೊಂಡ ಜಡೆಯ ಮೇಲೆ ಮೊಗ್ಗು ಇಟ್ಟು ಹೊಲಿದಳು. ಊಟ ಮುಗಿದ ಮೇಲೆ ಬಾಗಿಲ ಪಕ್ಕದ ಬ್ಯಾಗನ್ನು ಒಳಗೆ ತೆಗೆದುಕೊಂಡು ಹೋಗಿ ಬಟ್ಟೆಯನ್ನೆಲ್ಲ ಮತ್ತೆ ಟ್ರಂಕಿಗೆ ಹಾಕಿದಳು. ನಾನು ಅವಳನ್ನು ಟೆಂಪೋದಲ್ಲಿ ಕೂರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ.  ಚಾಮರಾಜನಗರದ ಬಸ್ಸು ನಿಂತಿತ್ತು. ಇಳಿಯುವಾಗ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಂದಳು:

"ನಾನೂ ನಮ್ಮಪ್ಪನ ಮುಂದ ಬಾಚಣ್ಗ ಹಿಡ್ಕಂಡು ನಿಂತ್ಕಬೇಕಿತ್ತು ಕಣ್ಲಾ. ನಂಗ ಹೊಳೀಲೇ ಇಲ್ಲ."

ಬಸ್ಸು ಹೊರಟಿತು. ಅವಳಿಗೆ ಹೊಳೆದು ಹಾಗೆ ನಿಂತಿದ್ದರೂ ನಮ್ಮಪ್ಪ ಏಳುತ್ತಿದ್ದನೋ ಇಲ್ಲವೋ, ಅದು ನನಗೆ ಗೊತ್ತಿಲ್ಲ. ಆ ಗಾದೆಯನ್ನಂತೂ ಆಮೇಲೆ ನಮ್ಮ ಮನೆಯಲ್ಲಿ ಯಾರೂ ಹೇಳಲಿಲ್ಲ.

ಮಾರನೇ ಬೆಳಿಗ್ಗೆ ಚಿಕ್ಕವಳಿಗೆ ಜಡೆ ಹಾಕಿ ಮುಗಿಸಿ, ಬಾಚಣಿಗೆಯನ್ನು ಗೂಡಿನಲ್ಲಿಟ್ಟು ಎದ್ದೆ. ಮನಸ್ಸಿನಲ್ಲಿ ಒಂದು ಥರ ಮುನಿಸು. ಬರುತ್ತದಲ್ಲ, ಇನ್ನು ನೀನೇ ಹಾಕಿಕೋ ಅಂದೆ ದೊಡ್ಡವಳಿಗೆ. ಅವಳು ಗೂಡಿನಿಂದ ಬಾಚಣಿಗೆ ತಂದು ನನ್ನ ಕೈಲಿಟ್ಟು, ಬೆನ್ನು ತಿರುಗಿಸಿ ಮಣೆಯ ಮೇಲೆ ಕೂತಳು.

"ಟೈಮಾಯ್ತದ, ಹಾಕಪ್ಪ" ಅಂದಳು. "ಇವತ್ತಾದ್ರೂ ಒಸಿ ಸಡ್ಲ ಹಾಕು. ಇಷ್ಟ್ ವರ್ಷದಿಂದ ಹುಬ್ಬು ನೋಯ್ತಾ ಅದ."

ನಾನು ಬಿಗಿಯಾಗೇ ಹಾಕಿದೆ.